ಗೋಡೆಯ ಮೇಲಿನ ಗಣಿತ: ಕೊವಲೆವ್‌ಸ್ಕಾಯಾ ಬರೆದ ಬಾಲ್ಯ

ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು 1888ರ ಡಿಸೆಂಬರ್‌ನಲ್ಲಿ ತನ್ನ ಬೋರ್ಡಿನ್ ಪ್ರಶಸ್ತಿಯನ್ನು ರಷ್ಯಾದ ಮಹಿಳೆಯೊಬ್ಬರಿಗೆ ನೀಡಿತು. ಸ್ಥಿರಬಿಂದುವೊಂದರ ಸುತ್ತ ತಿರುಗುವ ಘನಕಾಯದ ಚಲನೆಯನ್ನು ಕುರಿತ ಅವರ ಪ್ರಬಂಧವನ್ನು ಮೆಚ್ಚಿ ಪ್ರಶಸ್ತಿಯ ಮೊತ್ತವನ್ನು 3000 ಫ್ರಾಂಕ್‌ಗಳಿಂದ 5000ಕ್ಕೆ ಏರಿಸಿತು. ಮರುವರ್ಷ ಅದೇ ಮಹಿಳೆ ಸ್ಟಾಕ್‌ಹೋಮ್‌ನಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಅದರಲ್ಲಿ ಸಮೀಕರಣಗಳಿರಲಿಲ್ಲ. ರಷ್ಯಾದ ಜಮೀನ್ದಾರಿ ಮನೆಯೊಂದರಲ್ಲಿ ಬೆಳೆದ ಹುಡುಗಿಯೊಬ್ಬಳ ಬಾಲ್ಯವಿತ್ತು.

ಆ ಲೇಖಕಿ ಗಣಿತಜ್ಞೆ ಸೋಫಿಯಾ ಕೊವಲೆವ್‌ಸ್ಕಾಯಾ. 1850ರ ಜನವರಿ 15ರಂದು ಮಾಸ್ಕೋದಲ್ಲಿ ಜನಿಸಿದ ಅವರು ಫಿರಂಗಿದಳದ ಸೇನಾಧಿಕಾರಿ ವಾಸಿಲಿ ಕೊರ್ವಿನ್-ಕ್ರುಕೋವ್‌ಸ್ಕಿಯವರ ಎರಡನೆಯ ಮಗಳು. ತಂದೆ ನಿವೃತ್ತರಾದ ಬಳಿಕ ಕುಟುಂಬವು ವಿತೆಬ್ಸ್ಕ್ ಪ್ರಾಂತದ ಪಲಿಬಿನೊ ಎಂಬ ಹಳ್ಳಿಯ ತಮ್ಮ ಜಹಗೀರಿನಲ್ಲಿ ನೆಲೆಸಿತು. ಪುಸ್ತಕದ ಬಹುಭಾಗ ನಡೆಯುವುದು ಅಲ್ಲಿಯೇ.

ಆ ಪುಸ್ತಕದಿಂದ ಜಗತ್ತಿಗೆಲ್ಲ ಪರಿಚಿತವಾದ ಪ್ರಸಂಗವೆಂದರೆ ಗೋಡೆಯ ಕಾಗದದ್ದು. ಮನೆಗೆ ಅಂಟಿಸಲು ತರಿಸಿದ ಅಲಂಕಾರದ ಕಾಗದ ಮಕ್ಕಳ ಕೋಣೆಗೆ ಸಾಲದೆ ಹೋಯಿತು. ಆಗ ತಂದೆ ಯೌವನದಲ್ಲಿ ಕೊಂಡಿದ್ದ, ಆಸ್ಟ್ರೋಗ್ರಾಡ್‌ಸ್ಕಿಯವರ ಕಲನಶಾಸ್ತ್ರ ಉಪನ್ಯಾಸಗಳ ಹಾಳೆಗಳನ್ನೇ ಅಲ್ಲಿ ಅಂಟಿಸಿದರು. ಬಾಲಕಿ ಅವುಗಳ ಮುಂದೆ ಗಂಟೆಗಟ್ಟಲೆ ನಿಂತಿರುತ್ತಿದ್ದಳು. ಅರ್ಥವೇನೂ ಆಗದಿದ್ದರೂ ಸೂತ್ರಗಳ ಆಕಾರ ಮನಸ್ಸಿನಲ್ಲಿ ಉಳಿಯಿತು. ಹದಿನೈದರ ಹರೆಯದಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಕಲನಶಾಸ್ತ್ರದ ಪಾಠ ಆರಂಭವಾದಾಗ, ಎಲ್ಲವೂ ಮೊದಲೇ ತಿಳಿದಿದ್ದಂತೆ ಆಕೆ ಗ್ರಹಿಸಿದ್ದನ್ನು ಕಂಡು ಗುರುಗಳು ಬೆರಗಾದರು.

ಪುಸ್ತಕದ ಇನ್ನೊಂದು ಎಳೆ ಅಕ್ಕ ಅನ್ಯೂತಾಳದು. ಆಕೆ ಮನೆಯವರಿಗೆ ತಿಳಿಯದಂತೆ ಬರೆದು ಕಳುಹಿಸಿದ ಕಥೆಯನ್ನು 1864ರಲ್ಲಿ ದಾಸ್ತೋವ್‌ಸ್ಕಿ ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ಗುಟ್ಟು ಬಯಲಾದಾಗ ತಂದೆ ಕೆರಳಿದರು. ಮುಂದೆ ಪೀಟರ್ಸ್‌ಬರ್ಗ್‌ನಲ್ಲಿ ದಾಸ್ತೋವ್‌ಸ್ಕಿ ಮನೆಗೆ ಬರತೊಡಗಿದರು. ತಂಗಿ ಅವರಿಗೆ ಮನಸೋತು, ಅವರಿಗೆ ಪ್ರಿಯವಾದ ಬೀಥೋವನ್ ಕೃತಿಯನ್ನು ಕಷ್ಟಪಟ್ಟು ಕಲಿತು ಪಿಯಾನೋದಲ್ಲಿ ನುಡಿಸುತ್ತಿದ್ದರೆ, ಅವರು ಪಕ್ಕದ ಕೋಣೆಯಲ್ಲಿ ಅಕ್ಕನಿಗೆ ಪ್ರೇಮನಿವೇದನೆ ಮಾಡುತ್ತಿದ್ದರು.

ಸ್ವೀಡಿಷ್ ಆವೃತ್ತಿಯಲ್ಲಿ ಕುಟುಂಬದ ಹೆಸರು ರಾಯೆವ್‌ಸ್ಕಿ ಎಂದು ಬದಲಾಗಿತ್ತು. ಕಥನ ಕಾದಂಬರಿಯ ರೂಪದಲ್ಲಿತ್ತು. ಮನೆಯ ಒಳಸಂಗತಿಗಳನ್ನು ನೇರವಾಗಿ ಹೇಳುವುದು ಅಲ್ಲಿನ ಸಮಾಜಕ್ಕೆ ಹಿಡಿಸದೆಂಬುದು ಗೆಳೆಯರ ಸಲಹೆಯಾಗಿತ್ತು. 1890ರಲ್ಲಿ ರಷ್ಯಾದ ವೆಸ್ತ್‌ನಿಕ್ ಯೆವ್ರೋಪಿ ಪತ್ರಿಕೆಯಲ್ಲಿ ಬಂದ ಪಾಠದಲ್ಲಿ ಮಾತ್ರ ಲೇಖಕಿ ಸ್ವಂತ ಹೆಸರಿನಲ್ಲಿಯೇ ಮಾತನಾಡಿದರು. ಎರಡೂ ಕಡೆ ವಿಮರ್ಶಕರು ಮನಸಾರೆ ಮೆಚ್ಚಿದರು. ಗಣಿತದ ಪ್ರಾಧ್ಯಾಪಕಿಯನ್ನು ರಷ್ಯನ್ ಗದ್ಯದ ಉತ್ತಮ ಲೇಖಕರ ಸಾಲಿನಲ್ಲಿ ಕೂರಿಸಿದರು.

ತಕರಾರುಗಳೂ ಬಾರದಿರಲಿಲ್ಲ. ಗಣಿತದ ಮೊದಲ ಒಲವನ್ನು ಸೋಫಿಯಾ ತಮ್ಮ ದೊಡ್ಡಪ್ಪ ಪ್ಯೋತರ್ ಅವರ ಮಾತುಕತೆಗೆ ಸಲ್ಲಿಸಿದ್ದರು. ಮನೆಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದ್ದ ಗುರು ಮಲೆವಿಚ್ ಅದೇ ವರ್ಷ ತಮ್ಮ ನೆನಪುಗಳನ್ನು ಪ್ರಕಟಿಸಿ ತಮ್ಮ ಪಾಲನ್ನು ಎತ್ತಿ ಹೇಳಿದರು. ಮತ್ತೊಂದು ಆತ್ಮಕಥನಾತ್ಮಕ ಬರಹದಲ್ಲಿ ಶಿಷ್ಯೆ ಗುರುವಿನ ಋಣವನ್ನು ಒಪ್ಪಿಕೊಂಡರು. ದಾಸ್ತೋವ್‌ಸ್ಕಿಯವರನ್ನು ಅಕ್ಕ ನಿರಾಕರಿಸಿದಳೆಂದು ಸೋಫಿಯಾ ಬರೆದರೆ, ಆಕೆ ಒಪ್ಪಿದ್ದಳೆಂದೂ ವಿಚಾರಭೇದದಿಂದಾಗಿ ತಾವೇ ಆಕೆಯನ್ನು ಮಾತಿನಿಂದ ಬಿಡಿಸಿದ್ದಾಗಿಯೂ ದಾಸ್ತೋವ್‌ಸ್ಕಿ ಹೇಳಿದ್ದರೆಂದು ಅವರ ಪತ್ನಿ ಅನ್ನಾ ದಾಖಲಿಸಿದ್ದಾರೆ. ತಾನು ತಂದೆತಾಯಿಯರ ಪ್ರೀತಿಗೆ ಹೊರತಾದ ಮಗುವೆಂಬ ಲೇಖಕಿಯ ಮಾತನ್ನು ಕೂಡ ನಂತರದ ಜೀವನಚರಿತ್ರೆಕಾರರು ಅಕ್ಷರಶಃ ಒಪ್ಪಿಲ್ಲ.

ಈ ಪ್ರಶ್ನೆಗಳಿಗೆ ಬೆಲೆಯಿಲ್ಲವೆಂದಲ್ಲ. ಆದರೆ ಪುಸ್ತಕದ ಪುರಾವೆ ಇರುವುದು ಬೇರೆಡೆ. ಅಲ್ಲಿ ಅಕ್ಕ ಕದ್ದು ಬರೆಯುತ್ತಾಳೆ, ತಂಗಿ ಕದ್ದು ಓದುತ್ತಾಳೆ. ಕಲಿಕೆಯೆಂಬುದು ಹೆಣ್ಣುಮಕ್ಕಳಿಗೆ ಮರೆಯಲ್ಲಿ ಮಾಡಬೇಕಾದ ಕೆಲಸವಾಗಿತ್ತು.

ಪುಸ್ತಕ ಆಕೆಯ ಹದಿಹರೆಯಕ್ಕೇ ಮುಗಿಯುತ್ತದೆ. ಆಮೇಲಿನದು ಇನ್ನೂ ಕಠಿಣ. ರಷ್ಯಾದ ವಿಶ್ವವಿದ್ಯಾಲಯಗಳು ಸ್ತ್ರೀಯರಿಗೆ ಮುಚ್ಚಿದ್ದವು; ವಿದೇಶಕ್ಕೆ ಹೋಗಲು ತಂದೆಯ ಅಥವಾ ಗಂಡನ ಅನುಮತಿ ಬೇಕಿತ್ತು. ಓದುವ ಸಲುವಾಗಿಯೇ 1868ರಲ್ಲಿ ವ್ಲಾದಿಮಿರ್ ಕೊವಲೆವ್‌ಸ್ಕಿ ಅವರೊಂದಿಗೆ ಹೆಸರಿಗಷ್ಟೇ ವಿವಾಹವಾಯಿತು. ಬರ್ಲಿನ್ ವಿಶ್ವವಿದ್ಯಾಲಯವೂ ಪ್ರವೇಶ ನೀಡದಾಗ ವೈರ್‌ಸ್ಟ್ರಾಸ್ ನಾಲ್ಕು ವರ್ಷ ಖಾಸಗಿಯಾಗಿ ಪಾಠ ಹೇಳಿದರು. 1874ರಲ್ಲಿ ಗಟಿಂಗೆನ್ ಡಾಕ್ಟರೇಟ್ ನೀಡಿತು. ಹೆಸರಿಗಷ್ಟೇ ಇದ್ದ ದಾಂಪತ್ಯ ಮುಂದೆ ನಿಜವಾಗಿ 1878ರಲ್ಲಿ ಮಗಳು ಹುಟ್ಟಿದಳು. 1883ರಲ್ಲಿ ಪತಿ ಆತ್ಮಹತ್ಯೆ ಮಾಡಿಕೊಂಡರು. ಮರುವರ್ಷ ಸ್ಟಾಕ್‌ಹೋಮ್‌ನಲ್ಲಿ ಬೋಧನೆ ಆರಂಭಿಸಿದ ಸೋಫಿಯಾ 1889ರಲ್ಲಿ ಅಲ್ಲಿ ಕಾಯಂ ಪ್ರಾಧ್ಯಾಪಕಿಯಾದರು.

ಅದೇ ವರ್ಷ ರಷ್ಯಾದ ಅಕಾಡೆಮಿ ಅವರನ್ನು ಸಂವಾದಿ ಸದಸ್ಯೆಯಾಗಿ ಆರಿಸಿತು. ಆದರೆ ತಾಯ್ನಾಡಿನ ಯಾವ ವಿಶ್ವವಿದ್ಯಾಲಯದಲ್ಲಿಯೂ ಅವರಿಗೆ ಬೋಧಕ ಸ್ಥಾನ ದೊರೆಯಲಿಲ್ಲ. ಅವರ ಬಾಲ್ಯದ ಕಥೆಯನ್ನು ಓದಿ ತಲೆದೂಗಿದ ನಾಡು, ಆ ಬಾಲಕಿ ಬೆಳೆದು ಏನಾದಳೋ ಅದಕ್ಕೆ ಜಾಗ ಕೊಡಲಿಲ್ಲ.

1891ರ ಫೆಬ್ರುವರಿ 10ರಂದು, ಕೇವಲ 41ನೆಯ ವಯಸ್ಸಿನಲ್ಲಿ, ಸೋಫಿಯಾ ಸ್ಟಾಕ್‌ಹೋಮ್‌ನಲ್ಲಿ ನಿಧನರಾದರು. ಸಮಾಧಿಯೂ ಅಲ್ಲಿಯೇ ಇದೆ. ಪಲಿಬಿನೊದ ಮನೆ ಈಗ ಅವರ ಹೆಸರಿನ ವಸ್ತುಸಂಗ್ರಹಾಲಯ.