ಹರಳಿನಿಂದ ಬಲವನ್ನಳೆದ ಪಿಯರ್ ಕ್ಯೂರಿ

ಪಿಯರ್ ಕ್ಯೂರಿ ಎಂದೊಡನೆ ರೇಡಿಯಂ ನೆನಪಾಗುತ್ತದೆ. ಪತ್ನಿ ಮೇರಿ ಕ್ಯೂರಿಯವರ ಹೆಸರೂ ಜೊತೆಗೂಡುತ್ತದೆ. ಆದರೆ ಯಂತ್ರಗಳ ಕಂಪನವನ್ನೂ ಎಂಜಿನ್ನಿನೊಳಗಿನ ಒತ್ತಡವನ್ನೂ ಅಳೆಯುವ ಇಂದಿನ ಎಂಜಿನಿಯರುಗಳು ಅವರಿಗೆ ಋಣಿಗಳಾಗಿರುವುದು ರೇಡಿಯಂಗಿಂತ ಹದಿನೆಂಟು ವರ್ಷ ಹಿಂದಿನ ಶೋಧವೊಂದಕ್ಕಾಗಿ.

ಪಿಯರ್ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1859ರ ಮೇ 15ರಂದು. ತಂದೆ ಯೂಜೀನ್ ಕ್ಯೂರಿ ವೈದ್ಯರು. ಒಂದು ವಿಷಯವನ್ನು ಹಿಡಿದರೆ ಅದರಲ್ಲಿಯೇ ಮುಳುಗಿಬಿಡುವ ಮಗನ ಮನೋಧರ್ಮಕ್ಕೆ ಶಾಲೆಯ ಕಟ್ಟುಪಾಡು ಒಗ್ಗದೆಂದು ತಿಳಿದು ಅವರು ಮನೆಯಲ್ಲಿಯೇ ವಿದ್ಯೆ ಕಲಿಸಿದರು. ಶಾಲೆಯ ಮೆಟ್ಟಿಲು ಹತ್ತದ ಆ ಹುಡುಗ ಹದಿನೆಂಟನೆಯ ವಯಸ್ಸಿಗೆ ವಿಜ್ಞಾನ ಪದವಿ ಪಡೆದು, ಸೊರ್ಬಾನ್ ವಿಶ್ವವಿದ್ಯಾನಿಲಯದಲ್ಲಿ ಪ್ರಯೋಗಾಲಯದ ಸಹಾಯಕನಾದನು.

ಅಣ್ಣ ಜಾಕ್ ಖನಿಜಶಾಸ್ತ್ರದ ಅಭ್ಯಾಸಿ. ಟೂರ್ಮಲಿನ್ ಹರಳನ್ನು ಕಾಯಿಸಿದರೆ ಅದರ ತುದಿಗಳಲ್ಲಿ ವಿದ್ಯುತ್ ತೋರುವುದೆಂಬ ಸಂಗತಿ ಆಗಲೇ ತಿಳಿದಿತ್ತು. ಕಾಯಿಸಿದಾಗ ಹೀಗಾಗುವುದಾದರೆ ಅದುಮಿದಾಗಲೂ ಆಗಬೇಕಲ್ಲವೆ ಎಂದು ಸಹೋದರರು ತರ್ಕಿಸಿದರು. ಹರಳಿನ ಎದುರುಬದುರು ಮುಖಗಳಿಗೆ ತವರದ ತೆಳುಹಾಳೆಯನ್ನು ಹೊಂದಿಸಿ, ಅದುಮಿ ನೋಡಿದರು. 1880ರಲ್ಲಿ ಅವರ ಊಹೆ ದಿಟವಾಯಿತು. ಕ್ವಾರ್ಟ್ಸ್, ಟೂರ್ಮಲಿನ್, ಪುಷ್ಯರಾಗ ಮಾತ್ರವಲ್ಲ, ಸಕ್ಕರೆಯ ಹರಳು ಕೂಡ ಒತ್ತಿದರೆ ವಿದ್ಯುದಾವೇಶವನ್ನು ತೋರಿತು. ಇದೇ ಪೀಜೋವಿದ್ಯುತ್. ಇಂಥ ಹರಳುಗಳ ರಚನೆಯಲ್ಲಿ ಸಮ್ಮಿತಿಯ ಕೇಂದ್ರವಿರುವುದಿಲ್ಲ. ಅದುಮಿದಾಗ ಧನ ಮತ್ತು ಋಣ ಆವೇಶಗಳ ಸಮತೋಲ ಸರಿದು, ಎದುರು ಮುಖಗಳಲ್ಲಿ ಅವು ಪ್ರಕಟವಾಗುತ್ತವೆ. ಬಲ ಇಮ್ಮಡಿಯಾದರೆ ಆವೇಶವೂ ಇಮ್ಮಡಿ. ಅದುಮುವ ಬದಲು ಎಳೆದರೆ ಅದರ ಚಿಹ್ನೆ ತಿರುಗುಮುರುಗು. ವಿದ್ಯುತ್ತನ್ನು ಹಾಯಿಸಿದರೆ ಹರಳು ತಾನೇ ಹಿಗ್ಗಿ ಕುಗ್ಗುವುದೆಂದು ಲಿಪ್‌ಮನ್ ಗಣಿತದಿಂದ ಸೂಚಿಸಿದಾಗ, 1881ರಲ್ಲಿ ಅದನ್ನೂ ಸಹೋದರರು ಪ್ರಯೋಗದಿಂದ ತೋರಿಸಿಕೊಟ್ಟರು.

ಈ ನಿಯಮವನ್ನು ಅವರು ಉಪಕರಣವಾಗಿಸಿದರು. ತೆಳುವಾದ ಉದ್ದನೆಯ ಕ್ವಾರ್ಟ್ಸ್ ಪಟ್ಟಿಗೆ ತೂಕದ ಬೊಟ್ಟು ತೂಗಿಬಿಟ್ಟರೆ ಇಂತಿಷ್ಟೇ ಎಂದು ಲೆಕ್ಕ ಹಾಕಬಲ್ಲ ಅತ್ಯಲ್ಪ ಆವೇಶ ದೊರೆಯುತ್ತಿತ್ತು. 1883ರಲ್ಲಿ ಜಾಕ್ ಮಾಂಪೆಲಿಯೆಗೆ ತೆರಳಿದರು. ಪಿಯರ್ ಪ್ಯಾರಿಸ್ಸಿನ ಭೌತ ಮತ್ತು ರಸಾಯನ ಶಾಲೆಯಲ್ಲಿ ಅಲ್ಪ ವೇತನಕ್ಕೆ ದುಡಿಯುತ್ತ, ಸಮ್ಮಿತಿಯನ್ನೂ ಕಾಂತತ್ವವನ್ನೂ ಕುರಿತು ಸಂಶೋಧನೆ ನಡೆಸಿದರು. 1895ರಲ್ಲಿ ಡಾಕ್ಟರೇಟ್ ಪದವಿ ಬಂತು. ಅದೇ ವರ್ಷ ಮೇರಿಯವರೊಡನೆ ವಿವಾಹವಾಯಿತು.

ಯುರೇನಿಯಂ ಕಿರಣಗಳು ಗಾಳಿಯಲ್ಲಿ ಹರಿಸುವ ವಿದ್ಯುತ್ತು ಅಳತೆಗೆ ಸಿಗದಷ್ಟು ಕ್ಷೀಣವಾದದ್ದು. ಮೇರಿ ಅದನ್ನಳೆಯಲು ಹೊರಟಾಗ ನೆರವಿಗೆ ಬಂದದ್ದು ಆ ಹಳೆಯ ಹರಳು. ತೂಕದಿಂದ ಹುಟ್ಟಿದ ಆವೇಶವನ್ನು ಕಿರಣದ ವಿದ್ಯುತ್ತಿಗೆ ಎದುರಾಗಿಟ್ಟು, ಸೂಚಕವನ್ನು ಸೊನ್ನೆಯಲ್ಲಿ ನಿಲ್ಲಿಸಿ, ಹಿಡಿದ ಕಾಲವನ್ನು ಅವರು ಎಣಿಸಿದರು. ಅದಿರಿನಲ್ಲಿ ಯುರೇನಿಯಂಗಿಂತ ಪ್ರಬಲವಾದದ್ದೇನೋ ಅಡಗಿದೆಯೆಂದು ಅಂಕಿಗಳೇ ಹೇಳಿದವು. ಪಿಯರ್ ತಮ್ಮ ಕೆಲಸವನ್ನು ಬದಿಗಿಟ್ಟು ಜೊತೆಯಾದರು. 1898ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಬೆಳಕಿಗೆ ಬಂದವು. 1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಬಿರುದುಗಳಿಗೆ ಪಿಯರ್ ಒಲಿಯಲಿಲ್ಲ. ಸರಕಾರದ ಗೌರವ ಪದಕವನ್ನು ನಿರಾಕರಿಸಿ, ತಮಗೆ ಬೇಕಾದದ್ದು ಪ್ರಯೋಗಾಲಯವೆಂದರು. ಸೊರ್ಬಾನಿನ ಪ್ರಾಧ್ಯಾಪಕ ಪೀಠ 1904ರಲ್ಲಿ ದೊರೆಯಿತು. ಬಯಸಿದಂಥ ಪ್ರಯೋಗಾಲಯ ಮಾತ್ರ ಕೈಗೂಡಲಿಲ್ಲ. 1906ರ ಏಪ್ರಿಲ್ 19ರಂದು, ಮಳೆ ಸುರಿಯುತ್ತಿದ್ದಾಗ, ಪ್ಯಾರಿಸ್ಸಿನ ಬೀದಿಯೊಂದರಲ್ಲಿ ಸರಕು ತುಂಬಿದ ಕುದುರೆಗಾಡಿಗೆ ಸಿಲುಕಿ ಅವರು ಅಸುನೀಗಿದರು. ಆಗ ಅವರಿಗೆ ನಲವತ್ತಾರು ವರ್ಷ.

ಶಿಷ್ಯ ಲಾಂಜೆವಿನ್ ಮೊದಲ ಮಹಾಯುದ್ಧದ ಕಾಲದಲ್ಲಿ, ನೀರೊಳಗಿನ ಜಲಾಂತರ್ಗಾಮಿಗಳನ್ನು ಶಬ್ದದಿಂದ ಪತ್ತೆಹಚ್ಚಲು ಕ್ವಾರ್ಟ್ಸ್ ಹರಳನ್ನೇ ಬಳಸಿದರು. ಇಂದಿನ ಕಂಪನ ಸಂವೇದಕದೊಳಗೆ ಹರಳಿನ ಮೇಲೊಂದು ಪುಟ್ಟ ಲೋಹದ ತುಂಡು ಕೂತಿರುತ್ತದೆ. ಯಂತ್ರ ನಡುಗಿದಂತೆ ಆ ತುಂಡು ಹರಳನ್ನು ಅದುಮುತ್ತದೆ. ಹೊಮ್ಮುವ ಆವೇಶವೇ ನಡುಕದ ಲೆಕ್ಕ. ಕ್ವಾರ್ಟ್ಸ್ ಮೇಲೆ ನೇರವಾಗಿ 1 ನ್ಯೂಟನ್ ಬಲ ಬಿದ್ದರೆ ದೊರೆಯುವುದು ಸುಮಾರು 2.3 ಪೈಕೋಕೂಲಂ ಮಾತ್ರ. ಒಂದು ಪೈಕೋಕೂಲಂ ಎಂದರೆ ಕೂಲಂನ ಲಕ್ಷ ಕೋಟಿಯಲ್ಲೊಂದು ಪಾಲು. ಅದನ್ನು ವರ್ಧಕದಿಂದ ಹಿಗ್ಗಿಸಿ ಓದಬೇಕು. ಈ ಹರಳಿಗೊಂದು ಮಿತಿಯೂ ಉಂಟು. ಭಾರ ಅಲುಗದೆ ನಿಂತರೆ ಆವೇಶ ಮೆಲ್ಲನೆ ಸೋರಿಹೋಗುತ್ತದೆ. ಹಾಗಾಗಿ ಸ್ಥಿರ ಭಾರವನ್ನಳೆಯಲು, ಎಳೆತಕ್ಕೆ ತಕ್ಕಂತೆ ವಿದ್ಯುತ್ ರೋಧವನ್ನು ಬದಲಿಸುವ ಲೋಹದ ಎಳೆಯ ಸ್ಟ್ರೇನ್ ಗೇಜೇ ಲೇಸು. ಬಡಿತ, ನಡುಕ, ಸ್ಫೋಟದಂಥ ಕ್ಷಣಿಕ ಬಲಗಳಿಗೆ ಹರಳೇ ತಕ್ಕದ್ದು.

ತಮಗೊಂದು ತಕ್ಕ ಪ್ರಯೋಗಾಲಯ ಸಿಗದೆ ಹೋದ ಆ ವಿಜ್ಞಾನಿಯ ಹರಳು ಇಂದು ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲೆಲ್ಲ ದುಡಿಯುತ್ತಿದೆ.