ಧೋಂಡಿಯ ವಾಘ್

ಧೋಂಡಿಯ ವಾಘ್ (ಮರಣ: 10 ಸೆಪ್ಟೆಂಬರ್ 1800) ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೈಸೂರು ಮತ್ತು ಮರಾಠ ಸೀಮೆಗಳ ಗಡಿಯಲ್ಲಿ ಕಾದಾಡಿದ ಕುದುರೆ ದಂಡಿನ ನಾಯಕ. ಈಗಿನ ದಾವಣಗೆರೆ ಜಿಲ್ಲೆಯ ಚನ್ನಗಿರಿ ಈತನ ಹುಟ್ಟೂರು. ಶ್ರೀರಂಗಪಟ್ಟಣದ ಪತನಾನಂತರ ಬ್ರಿಟಿಷರಿಗೆ ತಲೆಬಾಗದೆ, ಹದಿನಾರು ತಿಂಗಳ ಕಾಲ ತುಂಗಭದ್ರೆಯಿಂದ ಮಲಪ್ರಭೆಯವರೆಗೆ ಅವರನ್ನು ಅಲೆದಾಡಿಸಿದನು. ಅವನನ್ನು ಬೆನ್ನಟ್ಟಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿ 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು.

ಆರಂಭಿಕ ಜೀವನ

ಧೋಂಡಿಯನು ಮರಾಠ ಮನೆತನಕ್ಕೆ ಸೇರಿದವನು. ವಾಘ್ ಎಂದರೆ ಮರಾಠಿಯಲ್ಲಿ ಹುಲಿ. ಹೈದರ್ ಅಲಿಯ ಕಾಲದಲ್ಲಿ ಮೈಸೂರು ಸೈನ್ಯದಲ್ಲಿ ಸಾಮಾನ್ಯ ಸವಾರನಾಗಿ ಸೇರಿದನು. ಕಾರ್ನ್‌ವಾಲಿಸನು ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ 1791–92ರ ಯುದ್ಧದ ವೇಳೆ ಕೆಲವು ಸಂಗಡಿಗರೊಡನೆ ಸೈನ್ಯವನ್ನು ತೊರೆದು, ಲಕ್ಷ್ಮೇಶ್ವರ, ಹಾವೇರಿ, ಸವಣೂರುಗಳ ಕಡೆ ಸ್ವತಂತ್ರವಾಗಿ ಸುಲಿಗೆಗೆ ತೊಡಗಿದನು. ಮರಾಠರ ಸೇನಾನಿ ಧೋಂಡೋಪಂತ ಗೋಖಲೆಯು ಅವನನ್ನು ಅಲ್ಲಿಂದ ಹೊಡೆದಟ್ಟಿದನು. ಇವರಿಬ್ಬರ ವೈರ ಆಗ ಮೊದಲಾಯಿತು.

ದಾರಿಗಾಣದ ಧೋಂಡಿಯನು 1794ರಲ್ಲಿ ಸುಮಾರು 200 ಸವಾರರೊಡನೆ ಶ್ರೀರಂಗಪಟ್ಟಣಕ್ಕೆ ಬಂದು ಟಿಪ್ಪುವಿನ ಆಶ್ರಯ ಬೇಡಿದನು. ಅಲ್ಲಿ ಅವನನ್ನು ಬಲವಂತದಿಂದ ಇಸ್ಲಾಂ ಮತಕ್ಕೆ ಸೇರಿಸಿ ಮಲಿಕ್ ಜಹಾನ್ ಖಾನ್ ಎಂಬ ಹೆಸರಿಡಲಾಯಿತು. ಬಳಿಕ ಸುಲ್ತಾನನ ಅನುಮಾನಕ್ಕೆ ಗುರಿಯಾಗಿ ಸೆರೆಮನೆ ಸೇರಿದನು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದಾಗ, ಒಳನುಗ್ಗಿದ ಬ್ರಿಟಿಷ್ ಸೈನಿಕರು ಸೆರೆಯಾಳುಗಳ ಸಂಕೋಲೆ ಕಳಚಿದರು. ಬಿಡುಗಡೆ ಪಡೆದವರಲ್ಲಿ ಧೋಂಡಿಯನೂ ಒಬ್ಬನು. ಅವನು ಯಾರೆಂಬುದನ್ನು ವಿಚಾರಿಸಲು ಆ ಗದ್ದಲದಲ್ಲಿ ಯಾರಿಗೂ ಬಿಡುವಿರಲಿಲ್ಲ.

1799ರ ದಂಗೆ

ಬಿಡುಗಡೆಯಾದವನು ನೇರವಾಗಿ ಉತ್ತರಕ್ಕೆ, ತಾನು ಬಲ್ಲ ನಾಡಿಗೆ ಹೋದನು. ಟಿಪ್ಪುವಿನ ಸೈನ್ಯ ಚದರಿ, ಸಂಬಳವಿಲ್ಲದೆ ಅಲೆಯುತ್ತಿದ್ದ ಸವಾರರು ಅವನ ಸುತ್ತ ನೆರೆದರು. ಬಿದನೂರು, ಶಿವಮೊಗ್ಗ, ಹೊನ್ನಾಳಿ ಮತ್ತು ಶಿಕಾರಿಪುರದ ಕೋಟೆಗಳು ಕೆಲವೇ ವಾರಗಳಲ್ಲಿ ಅವನ ಕೈಸೇರಿದವು. ಈ ಬಂಡಾಯದ ಬೆಲೆ ತೆತ್ತವರು ಮುಖ್ಯವಾಗಿ ಊರವರು. ಕೊಡಲು ಒಪ್ಪಿದವರಿಂದ ಕಾಣಿಕೆ, ಒಪ್ಪದವರಿಂದ ಸುಲಿಗೆ ಎಂಬುದು ಅವನ ಕ್ರಮವಾಗಿತ್ತು. ಇತ್ತೀಚಿನ ಬರಹಗಳು ಅವನನ್ನು ಸ್ವಾತಂತ್ರ್ಯ ಹೋರಾಟಗಾರನೆಂದು ಕರೆಯುತ್ತವೆ. ಬ್ರಿಟಿಷ್ ದಾಖಲೆಗಳಿಗೆ ಅವನು ಬರಿಯ ದರೋಡೆಕೋರ. ಬ್ರಿಟಿಷರ ಆಳ್ವಿಕೆಗೆ ಮಣಿಯದ ಧೈರ್ಯವೂ ಬಿದನೂರು ಸೀಮೆಯ ಜನರ ಕಣ್ಣೀರೂ ಎರಡೂ ನಿಜವಾದುದರಿಂದ, ಒಂದೇ ಹೆಸರಿನಲ್ಲಿ ಅವನನ್ನು ಅಳೆಯುವುದು ಸರಿಯೆನಿಸದು.

ಕಂಪನಿ ಸರ್ಕಾರವು ಎರಡು ತುಕಡಿಗಳನ್ನು ಕಳುಹಿಸಿತು. ಚಿತ್ರದುರ್ಗದ ಕಡೆಯಿಂದ ಕರ್ನಲ್ ಡಾಲ್ರಿಂಪಲನು ಬಂದು ಹೊನ್ನಾಳಿ ಕೋಟೆಯನ್ನು ಹಿಡಿದನು. ಕರ್ನಲ್ ಸ್ಟೀವನ್‌ಸನ್ನನು ಶಿವಮೊಗ್ಗವನ್ನು ವಶಪಡಿಸಿಕೊಂಡನು. ಆಗಸ್ಟ್ 17ರಂದು ಶಿಕಾರಿಪುರದ ಬಳಿ ನಡೆದ ಕಾದಾಟದಲ್ಲಿ ಧೋಂಡಿಯನ ಸವಾರರು ಮಳೆಗಾಲದ ಹೊಳೆಗೆ ತಳ್ಳಲ್ಪಟ್ಟು ಬಹುಮಂದಿ ಮಡಿದರು. ನಾಯಕನು ಮಾತ್ರ ಗಡಿ ದಾಟಿ ಮರಾಠ ಸೀಮೆಯನ್ನು ಸೇರಿದನು. ಅಲ್ಲಿ ಗೋಖಲೆಯು ಅವನ ಪಾಳೆಯದ ಮೇಲೆ ಬಿದ್ದು ಇದ್ದುದನ್ನೂ ಕಸಿದುಕೊಂಡನು.

ಬಯಲು, ಕಾಡು ಮತ್ತು ಕತ್ತಿ

ಎಲ್ಲವನ್ನೂ ಕಳೆದುಕೊಂಡವನು ಕೆಲವೇ ತಿಂಗಳಲ್ಲಿ ಸಾವಿರಾರು ಸವಾರರೊಡನೆ ಮತ್ತೆ ಹೇಗೆ ಎದ್ದು ನಿಂತನು? ಉತ್ತರವು ಅವನು ಹುಟ್ಟಿ ಬೆಳೆದ ನೆಲದಲ್ಲಿಯೂ ಅಂದಿನ ಸವಾರರ ಬದುಕಿನ ರೀತಿಯಲ್ಲಿಯೂ ಇದೆ. ಚನ್ನಗಿರಿಯು ಮಲೆನಾಡು ಮುಗಿದು ಬಯಲು ಸೀಮೆ ಮೊದಲಾಗುವ ಅಂಚಿನಲ್ಲಿದೆ. ಪಶ್ಚಿಮಕ್ಕೆ ಹೊನ್ನಾಳಿ, ನ್ಯಾಮತಿಗಳನ್ನು ದಾಟಿದರೆ ಶಿಕಾರಿಪುರದ ಕಾಡು. ಪೂರ್ವಕ್ಕೆ ಜಗಳೂರಿನ ಕಡೆ ಹೋದರೆ ಮರೆಯಿಲ್ಲದ ಒಣ ಬಯಲು. ಬಯಲಿನಲ್ಲಿ ಕುದುರೆಯ ಓಟ, ಕಾಡಿನಲ್ಲಿ ಕತ್ತಿ, ಇವೆರಡನ್ನೇ ನಂಬಿ ಬದುಕುವುದು ಇಂತಹ ನೆಲದಲ್ಲಿ ಸಾಧ್ಯವಿತ್ತು.

ಈ ಬಗೆಯ ಸವಾರರು ಡೇರೆಗಳನ್ನಾಗಲಿ ಸಾಮಾನಿನ ಬಂಡಿಗಳನ್ನಾಗಲಿ ನೆಚ್ಚಿದವರಲ್ಲ. ತಡಿ, ಕಂಬಳಿ, ಈಟಿ, ಸೊಂಟದ ಕತ್ತಿ ಇಷ್ಟೇ ಅವರ ಆಸ್ತಿ. ಕತ್ತಿಯೆಂದರೆ ಕಾದಾಟದ ಆಯುಧವೆಂದು ಭಾವಿಸುವುದು ವಾಡಿಕೆ. ಆದರೆ ಅಡವಿಯಲ್ಲಿ ದಿನ ಕಳೆಯುವವನಿಗೆ ಅಲಗಿನ ಉಪಯೋಗ ಬೇರೆಯೇ. ಕುದುರೆಗೆ ಮೇವು ಕೊಯ್ಯಬೇಕು, ಮುಳ್ಳುಕಂಟಿ ಸವರಿ ದಾರಿ ಮಾಡಬೇಕು, ಸೌದೆ ಕಡಿಯಬೇಕು, ಹರಿದ ಜೀನಿಗೆ ತೊಗಲಿನ ಪಟ್ಟಿ ಸೀಳಬೇಕು. ಮಲೆನಾಡಿನ ರೈತನು ಇಂದಿಗೂ ಸೊಂಟಕ್ಕೆ ಕತ್ತಿ ಸಿಕ್ಕಿಸದೆ ಕಾಡಿಗೆ ಹೋಗುವುದಿಲ್ಲ. ಬ್ರಿಟಿಷ್ ಸೈನ್ಯಕ್ಕೂ ಇದರಿಂದ ಬಿಡುಗಡೆ ಇರಲಿಲ್ಲ. ಮದರಾಸಿನ ಕುದುರೆ ಪಡೆಯಲ್ಲಿ ಸವಾರರೊಂದಿಗೆ ಕುದುರೆ ನೋಡಿಕೊಳ್ಳುವವರೂ, ಹುಲ್ಲನ್ನು ಬೇರುಸಹಿತ ಹೆರೆದು ತರುವವರೂ ಸಾಗುತ್ತಿದ್ದರು. ಆ ಚಿಕ್ಕ ಅಲಗು ನಿಂತರೆ ಮರುದಿನ ಕುದುರೆಯೂ ನಿಲ್ಲುತ್ತಿತ್ತು.

ನದಿ ದಾಟುವ ಹರಿಗೋಲೂ ಅಲಗಿನ ಕೆಲಸವೇ. ಬಿದಿರನ್ನು ಸೀಳಿ ಬುಟ್ಟಿಯಂತೆ ಹೆಣೆದು, ತೊಗಲನ್ನು ಅಳತೆಗೆ ಕತ್ತರಿಸಿ ಹೊರಮೈಗೆ ಬಿಗಿದು ಹೊಲಿದರೆ ದೋಣಿ ಸಿದ್ಧವಾಗುತ್ತದೆ. ವೆಲ್ಲೆಸ್ಲಿಯು ಈ ನಾಡಿನ ಹರಿಗೋಲುಗಳ ಗುಣವನ್ನು ಬೇಗನೆ ಅರಿತು, ತನ್ನ ದಂಡಿಗಾಗಿ ಅವುಗಳನ್ನು ಮಾಡಿಸಿದನು. ಧಾನ್ಯ ಸಾಗಿಸಲು ಲಂಬಾಣಿಗರ ಎತ್ತಿನ ಹಿಂಡುಗಳನ್ನು ಬಳಸಿದನು. ತುಂಬಿದ ಹೊಳೆಯು ಧೋಂಡಿಯನನ್ನು ತಡೆಯಬೇಕು, ತನ್ನನ್ನು ತಡೆಯಬಾರದು ಎಂಬುದು ಅವನ ಲೆಕ್ಕ. ಊರಿನ ಉಪಾಯಗಳಿಂದಲೇ ಊರಿನವನನ್ನು ಹಿಡಿಯಲು ಹೊರಟ ಈ ಜಾಣತನವನ್ನು ಮೆಚ್ಚಲೇಬೇಕು.

1800ರ ಕಾರ್ಯಾಚರಣೆ ಮತ್ತು ಮರಣ

1800ರ ಆದಿಯಲ್ಲಿ ಧೋಂಡಿಯನು ಉಭಯ ಲೋಕಾಧೀಶ್ವರನೆಂಬ ಬಿರುದನ್ನು ಧರಿಸಿ, ಧಾರವಾಡ ಸೀಮೆಯ ಹಲವು ಕೋಟೆಗಳನ್ನು ಹಿಡಿದನು. ಮದರಾಸು ಸರ್ಕಾರವು ಅವನನ್ನು ಸಿಕ್ಕಲ್ಲಿ, ಮೊದಲು ಕಂಡ ಮರಕ್ಕೇ ನೇಣು ಹಾಕಬೇಕೆಂದು ವೆಲ್ಲೆಸ್ಲಿಗೆ ಆಜ್ಞಾಪಿಸಿತು. ಬಟೇವಿಯಾ ದಂಡಯಾತ್ರೆಯ ನಾಯಕತ್ವವು ತಾನಾಗಿ ಒದಗಿ ಬಂದರೂ ವೆಲ್ಲೆಸ್ಲಿಯು ಈ ಕೆಲಸಕ್ಕಾಗಿ ಅದನ್ನು ಬಿಟ್ಟುಕೊಟ್ಟನು. ಜೂನ್ ತಿಂಗಳಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರನ್ನು ಹಿಡಿದನು.

ಜೂನ್ 30ರಂದು ಕಿತ್ತೂರಿನ ಸಮೀಪ ಧೋಂಡಿಯನು ಹಳೆಯ ವೈರಿ ಗೋಖಲೆಯ ಮೇಲೆ ಹಠಾತ್ತನೆ ಎರಗಿ ಅವನನ್ನು ಕೊಂದನು. ಅವನ ರಕ್ತದಲ್ಲಿ ಮೀಸೆ ಅದ್ದುವೆನೆಂದು ಮಾಡಿದ್ದ ಶಪಥವನ್ನು ಅಂದು ತೀರಿಸಿಕೊಂಡನೆಂಬ ಕಥೆ ಪ್ರಚಲಿತವಾಗಿದೆ. ಇದೇ ಅವನ ಕೊನೆಯ ದೊಡ್ಡ ಗೆಲುವು. ಜುಲೈನಲ್ಲಿ ಕುಂದಗೋಳ, ಡಂಬಳ ಕೋಟೆಗಳು ಕೈಬಿಟ್ಟವು. ಜುಲೈ 30ರಂದು ಮುನವಳ್ಳಿಯ ಬಳಿ ಮಲಪ್ರಭೆಯ ದಂಡೆಯಲ್ಲಿದ್ದ ಅವನ ಪಾಳೆಯದ ಮೇಲೆ ವೆಲ್ಲೆಸ್ಲಿ ಬಿದ್ದಾಗ, ಅಸಂಖ್ಯಾತ ಜನರೂ ಜಾನುವಾರುಗಳೂ ತುಂಬು ಹೊಳೆಗೆ ನೂಕಲ್ಪಟ್ಟು ಮುಳುಗಿದರು. ಸತ್ತವರೆಲ್ಲರೂ ಕತ್ತಿ ಹಿಡಿದವರಲ್ಲವೆಂಬುದನ್ನು ನೆನೆಯಬೇಕು. ಪಾಳೆಯಗಳ ಹಿಂದೆ ಹೆಂಗಸರು, ಮಕ್ಕಳು, ಕೂಲಿಯವರು ಸಾಗುತ್ತಿದ್ದ ಕಾಲವದು.

ಅಲ್ಲಿಂದ ಧೋಂಡಿಯನು ಮಲಪ್ರಭೆಯ ಉಗಮದ ಕಡೆಯ ಕಾಡುದಾರಿ ಹಿಡಿದು ತಪ್ಪಿಸಿಕೊಂಡನು. ಆಗಸ್ಟ್ ಕೊನೆಯ ವೇಳೆಗೆ ಹೊಳೆ ಇಳಿದ ಸಂದರ್ಭವನ್ನು ನೋಡಿ ನಿಜಾಮನ ಸೀಮೆಗೆ ನುಗ್ಗಿದನು. ಆದರೆ ಆ ಕಡೆ ಕಾಡಿನ ಮರೆ ಇರಲಿಲ್ಲ. ಈಗಿನ ರಾಯಚೂರು ಜಿಲ್ಲೆಯ ಯಾಪಲಪರ್ವಿಯಲ್ಲಿ ತಂಗಿದ್ದ ವೆಲ್ಲೆಸ್ಲಿಯು ಸೆಪ್ಟೆಂಬರ್ 10ರ ಬೆಳಗ್ಗೆ ಕೋಣಗಲ್ಲಿನ ಬಳಿ ಅವನನ್ನು ಎದುರಾದನು. ಧೋಂಡಿಯನ ಕಡೆ ಸುಮಾರು 5000 ಸವಾರರಿದ್ದರು. ವೆಲ್ಲೆಸ್ಲಿಯ ಬಳಿ ಇದ್ದುದು ನಾಲ್ಕು ಕುದುರೆ ಪಡೆಗಳು ಮಾತ್ರ. ಅವುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿದನು. ಧೋಂಡಿಯನು ಕಾದಾಡುತ್ತ ಮಡಿದನು. ಅವನ ದೇಹವನ್ನು ತೋಪಿನ ಗಾಡಿಗೆ ಬಿಗಿದು ಬ್ರಿಟಿಷ್ ಪಾಳೆಯಕ್ಕೆ ತರಲಾಯಿತು.

ಕುಟುಂಬ

ಗೆದ್ದವರ ಕೈಗೆ ಸಿಕ್ಕ ಸಾಮಾನುಗಳ ನಡುವೆ ಧೋಂಡಿಯನ ನಾಲ್ಕು ವರ್ಷದ ಮಗ ಸಲಾಬತ್ ಖಾನನು ದೊರೆತನು. ವೆಲ್ಲೆಸ್ಲಿಯು ಆ ಬಾಲಕನನ್ನು ತನ್ನ ಡೇರೆಗೆ ಕರೆಸಿ ಪೋಷಣೆಯ ಹೊಣೆ ಹೊತ್ತನು. ಭಾರತವನ್ನು ಬಿಡುವಾಗ ಅವನಿಗಾಗಿ ಹಣವನ್ನೂ ಇಟ್ಟು ಹೋದನು. ಸಲಾಬತ್ ಖಾನನು ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾ ರೋಗದಿಂದ ತೀರಿಕೊಂಡನು.