ಕೆನೆತ್ ಆಂಡರ್ಸನ್

ಕೆನೆತ್ ಡಗ್ಲಸ್ ಸ್ಟೂವರ್ಟ್ ಆಂಡರ್ಸನ್ (೮ ಮಾರ್ಚ್ ೧೯೧೦ – ೩೦ ಆಗಸ್ಟ್ ೧೯೭೪) ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಮತ್ತು ಲೇಖಕ. ದಕ್ಷಿಣ ಭಾರತದ ನರಭಕ್ಷಕ ಹುಲಿ, ಚಿರತೆಗಳ ಬೇಟೆಯನ್ನು ಕುರಿತ ಇವರ ಇಂಗ್ಲಿಷ್ ಕೃತಿಗಳು ಪ್ರಸಿದ್ಧವಾಗಿವೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸಾಗರ ಮತ್ತು ಕುಂಸಿ ಸೀಮೆಯ ಕಾಡುಗಳು ಇವರ ಹಲವು ಕಥನಗಳಿಗೆ ಹಿನ್ನೆಲೆಯಾಗಿವೆ.

ಜನನ ಮತ್ತು ವೃತ್ತಿ

ಆಂಡರ್ಸನ್ ಹೈದರಾಬಾದಿನ ಬಳಿಯ ಬೊಲಾರಮ್‌ನಲ್ಲಿ ಜನಿಸಿದರು. ಸ್ಕಾಟ್ಲೆಂಡ್ ಮೂಲದ ಇವರ ಕುಟುಂಬ ಹಲವು ತಲೆಮಾರುಗಳಿಂದ ಭಾರತದಲ್ಲಿಯೇ ನೆಲೆಸಿತ್ತು. ವಿದ್ಯಾಭ್ಯಾಸ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ ನಡೆಯಿತು. ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅಧಿಕಾರಿಯಾಗಿ ದುಡಿದರು. ಬೇಟೆ ಇವರ ಜೀವನೋಪಾಯವಾಗಿರಲಿಲ್ಲ. ಕಾಡಿನ ಪಯಣಗಳೆಲ್ಲ ರಜೆಯ ದಿನಗಳಲ್ಲಿ ನಡೆದವು. ಮಗ ಡೊನಾಲ್ಡ್ ಕೂಡ ಬೇಟೆಗಾರನೆಂದು ಹೆಸರಾದರು.

ಬಂದೂಕು

ಆಂಡರ್ಸನ್ ಹೆಚ್ಚಾಗಿ ಬಳಸಿದ್ದು .೪೦೫ ಕ್ಯಾಲಿಬರಿನ ವಿಂಚೆಸ್ಟರ್ ೧೮೯೫ ಮಾದರಿಯ ರೈಫಲ್. ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಈ ಬಂದೂಕಿನಲ್ಲಿ ಕುದುರೆಯ ಕೆಳಗಿನ ಸನ್ನೆಯನ್ನು ಎಳೆದು ತಳ್ಳಿದರೆ ಮುಂದಿನ ತೋಟಾ ನಳಿಗೆಗೆ ಏರುತ್ತದೆ. ೩೦೦ ಗ್ರೇನ್, ಎಂದರೆ ಸುಮಾರು ೧೯ ಗ್ರಾಂ ತೂಕದ ಇದರ ಗುಂಡು ಹತ್ತಿರದ ದೂರದಲ್ಲಿ ಭಾರೀ ಆಘಾತ ನೀಡುತ್ತಿತ್ತು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ೧೯೦೯ರಲ್ಲಿ ಇದೇ ಕ್ಯಾಲಿಬರಿನ ಬಂದೂಕನ್ನು ಆಫ್ರಿಕಾಕ್ಕೆ ಒಯ್ದಿದ್ದರು. ಇದೇ ಮಾದರಿಯ ಬೇರೆ ಕ್ಯಾಲಿಬರಿನ ಬಂದೂಕುಗಳು ಮೆಕ್ಸಿಕೋ ಕ್ರಾಂತಿಯಲ್ಲಿಯೂ ಬಳಕೆಯಾದವು.

ಮೆಕ್ಸಿಕೋದ ಉಲ್ಲೇಖ ಇಲ್ಲಿ ಅಪ್ರಸ್ತುತವಲ್ಲ. ಅಲ್ಲಿನ ಜಾತ್ರೆಗಳಲ್ಲಿ ಜೀವಂತ ಪ್ರಾಣಿಗಳನ್ನು ದೂರದಲ್ಲಿ ಕಟ್ಟಿ ಗುರಿ ಪರೀಕ್ಷಿಸುವ ರೂಢಿಯಿತ್ತು. ೧೯೪೮ರ ಸುಮಾರಿಗೆ ಅದರ ಬದಲು ಉಕ್ಕಿನ ತಗಡಿನಲ್ಲಿ ಕತ್ತರಿಸಿದ ಕೋಳಿ, ಕಾಡುಹಂದಿ, ಟರ್ಕಿಕೋಳಿ ಮತ್ತು ಟಗರಿನ ಆಕೃತಿಗಳು ಬಂದವು. ಇವುಗಳನ್ನು ಕ್ರಮವಾಗಿ ೨೦೦, ೩೦೦, ೩೮೫ ಮತ್ತು ೫೦೦ ಮೀಟರ್ ದೂರದಲ್ಲಿ ನಿಲ್ಲಿಸಿ, ಆಸರೆಯಿಲ್ಲದೆ ನಿಂತು ಗುಂಡು ಹಾರಿಸಬೇಕು. ಆಕೃತಿ ಉರುಳಿದರೆ ಮಾತ್ರ ಅಂಕ. ತಗುಲಿಯೂ ನಿಂತರೆ ಲೆಕ್ಕಕ್ಕಿಲ್ಲ. ಆಟದಲ್ಲಿ ಅಂಕ ತಪ್ಪುವುದಷ್ಟೇ. ಆಂಡರ್ಸನ್ ನಡೆದಾಡಿದ ಕಾಡುಗಳಲ್ಲಿ ತಗುಲಿಯೂ ಉರುಳದ ಪ್ರಾಣಿ ಹಳ್ಳಿಗಳಿಗೆ ವಿಪತ್ತಾಗುತ್ತಿತ್ತು.

ನರಭಕ್ಷಕಗಳ ಹುಟ್ಟು

ಹುಲಿ ಸ್ವಭಾವತಃ ಮನುಷ್ಯನನ್ನು ಬೇಟೆಯಾಡುವುದಿಲ್ಲ. ಆಂಡರ್ಸನ್ ಬರಹಗಳು ಪದೇ ಪದೇ ತೋರಿಸುವ ಕಾರಣ ಗಾಯ. ನಾಡಬಂದೂಕಿನ ಚರೆಯಿಂದಲೋ, ರಾತ್ರಿ ವಾಹನದಿಂದ ದೀಪ ಬಿಟ್ಟು ಹಾರಿಸಿದ ಅವಸರದ ಗುಂಡಿನಿಂದಲೋ, ಮುಳ್ಳುಹಂದಿಯ ಮುಳ್ಳಿನಿಂದಲೋ ಕುಂಟಾದ ಹುಲಿಗೆ ಜಿಂಕೆ, ಕಡವೆಗಳು ಎಟುಕುವುದಿಲ್ಲ. ಮೊದಲು ದನ, ಅನಂತರ ದನಗಾಹಿ ಬಲಿಯಾಗುತ್ತಾರೆ. ಗುರಿ ತಪ್ಪಿಸಿದವನು ಆ ವೇಳೆಗೆ ಪಟ್ಟಣಕ್ಕೆ ಮರಳಿರುತ್ತಾನೆ. ಸೌದೆಗೆ, ನೀರಿಗೆ ಹೋದವರು ಆ ತಪ್ಪಿನ ಬೆಲೆ ತೆರುತ್ತಾರೆ. ಗಾಯಗೊಂಡ ಪ್ರಾಣಿಯನ್ನು ಹಾಗೆಯೇ ಬಿಟ್ಟು ಬರುವುದನ್ನು ಆಂಡರ್ಸನ್ ಬೇಟೆಗಾರನ ಅತಿ ದೊಡ್ಡ ಅಪರಾಧವೆಂದು ಎಣಿಸಿದ್ದರು. ರಕ್ತದ ಜಾಡು ಹಿಡಿದು ಪೊದೆ ಹೊಗುವ ಪ್ರಸಂಗಗಳು ಇವರ ಕಥನಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಶಿಕಾರಿಪುರ ಸೀಮೆಯಲ್ಲಿ

ಶಿರಾಳಕೊಪ್ಪದಿಂದ ಶಿಕಾರಿಪುರದ ಮೂಲಕ ದಕ್ಷಿಣಕ್ಕೆ ಸಾಗಿದರೆ ಬಯಲುನಾಡು ಕ್ರಮೇಣ ಮಲೆನಾಡಾಗುತ್ತದೆ. ಶಿಕಾರಿಪುರದ ಹೆಸರನ್ನು ಜನರು ಬೇಟೆಯೊಂದಿಗೇ ಜೋಡಿಸಿ ಹೇಳುವುದುಂಟು. ಈ ತಾಲೂಕಿನ ಅಂಬ್ಲಿಗೊಳ, ಸಾಗರ ತಾಲೂಕಿನ ತ್ಯಾಗರ್ತಿ, ಕುಂಸಿಯಾಚೆಯ ಚೋರಡಿ ಇವು ಆಂಡರ್ಸನ್ ಕಥನಗಳ ಶೀರ್ಷಿಕೆಗಳಲ್ಲಿಯೇ ಕಾಣಿಸಿಕೊಂಡಿವೆ. ಚೋರಡಿಯ ನರಭಕ್ಷಕನಿಗೆ ಕತ್ತಿನ ಸುತ್ತ ಕೇಸರದಂತಹ ಕೂದಲಿತ್ತು. ಅಂಬ್ಲಿಗೊಳದ ಹುಲಿಯನ್ನು ಇವರು ಶೀರ್ಷಿಕೆಯಲ್ಲಿ ಕುಲೀನನೆಂದು ಕರೆದಿದ್ದಾರೆ. ವೈರಿಗೆ ಯಾರೂ ಇಡುವ ಹೆಸರಲ್ಲ ಅದು. ಕನ್ನಡ ಓದುಗರಿಗೆ ಪರಿಚಿತವಾದ ಬೆಳ್ಳಂದೂರು ಸಹ ಈ ಜಿಲ್ಲೆಯದೇ ಹೊರತು ಬೆಂಗಳೂರಿನ ಬಡಾವಣೆಯಲ್ಲ.

ಬಲಿಪ್ರಾಣಿಯ ಬಳಿ ಮರದ ಮೇಲೆ ಮಚಾನು ಕಟ್ಟಿ, ಬಂದೂಕಿಗೆ ಟಾರ್ಚು ಬಿಗಿದು, ಸೊಳ್ಳೆ ಕಚ್ಚಿದರೂ ಅಲುಗದೆ ರಾತ್ರಿಯಿಡೀ ಕೂರುವುದು ಇವರ ಸಾಮಾನ್ಯ ಕ್ರಮ. ಕತ್ತಲಲ್ಲಿ ಗುಂಡು ಹಾರಿಸಲು ಸಿಗುತ್ತಿದ್ದುದು ಕೆಲವೇ ಗಜಗಳ ದೂರ, ಕೆಲವೇ ಕ್ಷಣಗಳ ಅವಕಾಶ. ಹುಲಿಯ ಕೂಗನ್ನು ಅನುಕರಿಸಿ ಅದನ್ನು ಸೆಳೆಯುವುದನ್ನೂ ಇವರು ಬಲ್ಲವರಾಗಿದ್ದರು. ಕಾಡಿನ ಜ್ಞಾನದ ಬಹುಪಾಲನ್ನು ಪೂಜಾರಿ ಜನಾಂಗದ ಬೈರನಿಂದ ಕಲಿತದ್ದಾಗಿ ಒಪ್ಪಿಕೊಂಡಿರುವುದು ಆ ಕಾಲದ ಬಿಳಿಯ ಬೇಟೆಗಾರರ ನಡುವೆ ವಿರಳವಾದ ಸಂಗತಿ.

ಸರ್ಕಾರಿ ದಾಖಲೆಗಳ ಪ್ರಕಾರ ೧೯೩೯ರಿಂದ ೧೯೬೬ರವರೆಗೆ ಇವರು ೮ ನರಭಕ್ಷಕ ಚಿರತೆಗಳನ್ನೂ ೭ ನರಭಕ್ಷಕ ಹುಲಿಗಳನ್ನೂ ಕೊಂದರು. ಜನರ ಬಾಯಲ್ಲಿ ಈ ಸಂಖ್ಯೆ ಇಮ್ಮಡಿಯಾಗಿದೆ. ಕಥನಗಳಲ್ಲಿ ಇಸವಿಗಳು ವಿರಳವಾಗಿರುವುದರಿಂದ ಅವುಗಳನ್ನು ಇತಿಹಾಸದ ದಾಖಲೆಯಾಗಿ ಓದುವಾಗ ಎಚ್ಚರಿಕೆ ಅಗತ್ಯ.

ಕೊನೆಯ ವರ್ಷಗಳು ಮತ್ತು ಕೃತಿಗಳು

ವಯಸ್ಸಾದಂತೆ ಆಂಡರ್ಸನ್ ಬಂದೂಕಿಗಿಂತ ಕ್ಯಾಮೆರಾದತ್ತ ಒಲಿದರು. ಬರಹಗಳಲ್ಲಿ ಕಾಡಿನ ನಾಶದ ಬಗೆಗಿನ ಅಳಲು ಹೆಚ್ಚಿತು. ಭಾರತದಲ್ಲಿ ಹವ್ಯಾಸದ ಬೇಟೆಗೆ ತೆರೆ ಬಿದ್ದುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ. ಅದಾದ ಎರಡು ವರ್ಷಗಳಲ್ಲಿ ಆಂಡರ್ಸನ್ ಕ್ಯಾನ್ಸರಿನಿಂದ ಬೆಂಗಳೂರಿನಲ್ಲಿ ನಿಧನರಾದರು. ಶಿವಮೊಗ್ಗದ ಶೆಟ್ಟಿಹಳ್ಳಿ ವನ್ಯಜೀವಿಧಾಮ ರೂಪುಗೊಂಡದ್ದೂ ಅದೇ ವರ್ಷ.

ಮೊದಲ ಕೃತಿ ೧೯೫೪ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕಾಡಿನ ಕಥನಗಳ ಕೊನೆಯ ಸಂಪುಟ ೧೯೭೬ರಲ್ಲಿ, ಮರಣಾನಂತರ ಹೊರಬಂದಿತು. ಕನ್ನಡಕ್ಕೆ ಇವರನ್ನು ತಂದವರು ಕೆ. ಪಿ. ಪೂರ್ಣಚಂದ್ರ ತೇಜಸ್ವಿ. ‘ಕಾಡಿನ ಕತೆಗಳು’ ಮಾಲೆಯ ನಾಲ್ಕು ಭಾಗಗಳಾದ ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’ ಮತ್ತು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಇಂದಿಗೂ ಮರುಮುದ್ರಣಗೊಳ್ಳುತ್ತಿವೆ.